ತಿಂಗಳಿಗೊಂದು ಹೂವು

ಶಾಲೆಯಲ್ಲಿ ಕನ್ನಡ ಪಾಠ ಹೇಳುವವನು ಹೂದೋಟದ ವಿಷಯಕ್ಕೆ ಕೈಹಾಕಿದ್ದೇಕೆಂದು ಕೆಲವರಿಗೆ ಅನ್ನಿಸಬಹುದು. ಅದಕ್ಕೆ ಕಾರಣನಾದವನು ಒಬ್ಬ ಹುಡುಗ. ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಕವಿಸಮಯವೆಂದರೆ ಏನೆಂದು ವಿವರಿಸುತ್ತಿದ್ದೆ. ಲೋಕದಲ್ಲಿ ಇಲ್ಲದ್ದನ್ನು ಇದೆಯೆಂದು ಹೇಳುವುದು ಒಂದು ಬಗೆಯಾದರೆ, ಇರುವುದನ್ನು ಇಲ್ಲವೆಂದು ಬಿಡುವುದು ಇನ್ನೊಂದು ಬಗೆ. ವಸಂತದಲ್ಲಿ ಮಾಲತಿಯನ್ನು ವರ್ಣಿಸಬಾರದು, ಅಶೋಕಕ್ಕೆ ಹಣ್ಣನ್ನು ಹೇಳಬಾರದು, ಚಂದನಕ್ಕೆ ಹೂವನ್ನೂ ಹೇಳಬಾರದು ಹಣ್ಣನ್ನೂ ಹೇಳಬಾರದು ಎಂದು ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಈ ಎರಡನೆಯ ಬಗೆಯನ್ನು ವಿವರಿಸಿದ್ದಾನೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಹಿಂದಿನ ಬೆಂಚಿನಿಂದ ಒಂದು ಪ್ರಶ್ನೆ ಬಂತು: "ಹಾಗಾದರೆ ಸಾರ್, ಗಂಧದ ಮರ ನಿಜವಾಗಿಯೂ ಹೂ ಬಿಡುತ್ತದೆಯೇ?"

"ಬಿಡುತ್ತದೆಯಪ್ಪಾ, ಆದರೆ ನಾನು ನೋಡಿಲ್ಲ" ಎಂದೆ.

ಮರುದಿನ ಬೆಳಿಗ್ಗೆ ಆ ಹುಡುಗ ನನ್ನ ಮೇಜಿನ ಮೇಲೆ ಒಂದು ಸಣ್ಣ ರೆಂಬೆಯನ್ನು ತಂದಿಟ್ಟ. ಅದರ ತುದಿಯಲ್ಲಿ ಗುಂಡುಸೂಜಿಯ ತಲೆಗಿಂತ ಸ್ವಲ್ಪ ದೊಡ್ಡದಾದ ಹೂಗಳ ಗೊಂಚಲಿತ್ತು. ಕೆಲವು ಹುಲ್ಲಿನ ಹಳದಿ, ಕೆಲವು ಕಂದುಗೆಂಪು. "ಎಲ್ಲಿಂದ ತಂದೆಯೋ?" ಎಂದು ಕೇಳಿದೆ. ಶಾಲೆಯ ಕಾಂಪೌಂಡಿನ ಮೂಲೆಯಲ್ಲಿರುವ ಮರದಿಂದಲೇ ತಂದಿದ್ದ. ಹದಿನಾರು ವರ್ಷದಿಂದ ನಾನು ಸೈಕಲ್ಲು ನಿಲ್ಲಿಸುತ್ತಿದ್ದುದು ಅದೇ ಮರದ ಕೆಳಗೆ! ಅದು ಗಂಧದ ಮರವೆಂಬುದು ಗೊತ್ತಿತ್ತು. ಅದಕ್ಕೆ ಹೂ ಬರುತ್ತದೆಂಬುದೂ ಗೊತ್ತಿತ್ತು. ತಲೆಯೆತ್ತಿ ನೋಡಿರಲಿಲ್ಲ, ಅಷ್ಟೆ. ಋತುವರ್ಣನೆಯನ್ನು ಮೂವತ್ತು ವರ್ಷ ಬೋಧಿಸಿದವನಿಗೆ ಋತುವಿನ ಪರಿಚಯವೇ ಇರಲಿಲ್ಲ.

ಅಂದು ಸಂಜೆ ಒಂದು ದಪ್ಪ ನೋಟುಬುಕ್ಕು ಕೊಂಡು ತಂದೆ. ಪ್ರತಿ ಭಾನುವಾರ ನಮ್ಮ ಅಂಗಳದಲ್ಲಿ, ನಮ್ಮ ಬೀದಿಯಲ್ಲಿ, ಶಾಲೆಯ ದಾರಿಯಲ್ಲಿ ಯಾವ ಗಿಡ ಚಿಗುರಿದೆ, ಯಾವುದು ಮೊಗ್ಗಾಗಿದೆ, ಯಾವುದು ಎಲೆ ಉದುರಿಸಿದೆ ಎಂದು ನಾಲ್ಕು ಸಾಲು ಬರೆಯತೊಡಗಿದೆ. ಹಾಗೆ ಬರೆಯುತ್ತ ಹೋದಂತೆ ಒಂದು ವಿಷಯ ಸ್ಪಷ್ಟವಾಯಿತು. ತೋಟವನ್ನು ನಾವು ಸ್ಥಳದಲ್ಲಿ ಮಾತ್ರ ಹಾಕುತ್ತೇವೆ: ಇಲ್ಲಿ ಒಂದು ಗುಲಾಬಿ, ಅಲ್ಲಿ ಒಂದು ದಾಸವಾಳ ಎಂದು. ಆದರೆ ತೋಟವನ್ನು ಕಾಲದಲ್ಲಿಯೂ ಹಾಕಬೇಕು. ಚೈತ್ರಕ್ಕೆ ಯಾವುದು, ಆಷಾಢಕ್ಕೆ ಯಾವುದು, ಮಾರ್ಗಶಿರಕ್ಕೆ ಯಾವುದು ಎಂದು ಮೊದಲು ಯೋಚಿಸಿ ಆಮೇಲೆ ಗುದ್ದಲಿ ಹಿಡಿಯಬೇಕು.

ಇದು ನಾನು ಕಂಡುಹಿಡಿದ ತತ್ತ್ವವೇನೂ ಅಲ್ಲ. ಒಂದು ಇಡೀ ನಗರದ ಮೇಲೆ ಇದನ್ನು ಪ್ರಯೋಗಿಸಿದವರೊಬ್ಬರು ನಮ್ಮಲ್ಲಿಯೇ ಇದ್ದರು. ಅವರೇ ಗುಸ್ತಾವ್ ಹರ್ಮನ್ ಕೃಂಬಿಗಲ್. ಲಾಲ್‌ಬಾಗಿನ ಸಮೀಪ ಅವರ ಹೆಸರಿನ ರಸ್ತೆಯೊಂದಿದೆ; ಅದರಲ್ಲಿ ದಿನವೂ ಓಡಾಡುವವರಲ್ಲಿ ಅವರು ಯಾರೆಂದು ತಿಳಿದವರು ಕಡಿಮೆ.

ಕೃಂಬಿಗಲ್ ಅವರು ೧೮೬೫ರಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಹತ್ತಿರ ಹುಟ್ಟಿದವರು. ಉದ್ಯಾನವಿದ್ಯೆಯನ್ನು ತಮ್ಮ ದೇಶದಲ್ಲಿ ಕಲಿತು, ಇಂಗ್ಲೆಂಡಿಗೆ ಹೋಗಿ, ಲಂಡನ್ನಿನ ಕ್ಯೂ ಸಸ್ಯೋದ್ಯಾನದಲ್ಲಿ ಕೆಲಸ ಮಾಡಿದರು. ೧೮೯೩ರಲ್ಲಿ ಬರೋಡ ಸಂಸ್ಥಾನದ ಉದ್ಯಾನಗಳ ಕೆಲಸಕ್ಕೆಂದು ಭಾರತಕ್ಕೆ ಬಂದರು. ೧೯೦೮ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ, ಮೈಸೂರು ಸರ್ಕಾರದ ಸೇವೆಗೆ ಸೇರಿ ಲಾಲ್‌ಬಾಗಿನ ಹೊಣೆಯನ್ನು ಜಾನ್ ಕ್ಯಾಮೆರಾನ್ ಅವರ ತರುವಾಯ ವಹಿಸಿಕೊಂಡರು. ೧೯೧೨ರಲ್ಲಿ ಮೈಸೂರು ತೋಟಗಾರಿಕಾ ಸಂಘ ಹುಟ್ಟಿದ್ದು ಅವರ ಉತ್ಸಾಹದಿಂದ. ೧೯೩೨ರಲ್ಲಿ ನಿವೃತ್ತರಾದ ಮೇಲೂ ಅವರು ಸ್ವದೇಶಕ್ಕೆ ಮರಳಲಿಲ್ಲ. ೧೯೫೬ರಲ್ಲಿ ಬೆಂಗಳೂರಿನಲ್ಲಿಯೇ ತೀರಿಕೊಂಡರು. ಅವರ ಸಮಾಧಿಯೂ ಇಲ್ಲಿಯೇ ಇದೆ.

ಮರಗಳನ್ನು ಸಾಲಾಗಿ ನೆಡುವುದು ನಮಗೆ ಹೊಸದಲ್ಲ. ಅಶೋಕನ ಶಾಸನಗಳ ಕಾಲದಿಂದ ಸಾಲುಮರ ನಮ್ಮ ಧರ್ಮಕಾರ್ಯಗಳಲ್ಲಿ ಒಂದು. ಆದರೆ ಅವು ನೆರಳಿಗಾಗಿ, ಹಣ್ಣಿಗಾಗಿ ನೆಟ್ಟ ಮರಗಳು. ಕೃಂಬಿಗಲ್ ಅವರ ಹೆಸರಿನೊಂದಿಗೆ ಸೇರಿಕೊಂಡಿರುವ ಆಲೋಚನೆ ಬೇರೆಯದು. ಒಂದು ರಸ್ತೆಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ರಸ್ತೆಯ ಮರ ಅರಳಬೇಕು. ವರ್ಷದ ಯಾವ ತಿಂಗಳಲ್ಲಿ ನೋಡಿದರೂ ಊರಿನ ಯಾವುದಾದರೂ ಒಂದು ಭಾಗ ಹೂವಿನಲ್ಲಿರಬೇಕು. ಇದನ್ನು ಸರದಿಯ ಹೂಬಿಡುವಿಕೆ ಎನ್ನಬಹುದು. ಕೇಳುವುದಕ್ಕೆ ಇದು ಸುಲಭ. ಮಾಡಬೇಕಾದರೆ ನೂರಾರು ಜಾತಿಯ ಮರಗಳು ಈ ಮಣ್ಣಿನಲ್ಲಿ, ಈ ಹವೆಯಲ್ಲಿ ಯಾವ ವಾರ ಹೂವಾಗುತ್ತವೆಂದು ವರ್ಷಗಟ್ಟಲೆ ನೋಡಿ ತಿಳಿದಿರಬೇಕು. ಯೂರೋಪಿನ ಪುಸ್ತಕ ಇದಕ್ಕೆ ಸಾಲದು. ಅಲ್ಲಿಯ ವಸಂತ ಹಿಮ ಕರಗಿದ ಮೇಲೆ ಬರುತ್ತದೆ. ನಮ್ಮ ವಸಂತ ಬಾವಿಯ ನೀರು ತಳಕ್ಕೆ ಇಳಿದಾಗ ಬರುತ್ತದೆ.

ಬೆಂಗಳೂರಿನ ಬೀದಿಗಳಲ್ಲಿ ಈ ಸರದಿಯನ್ನು ಇಂದಿಗೂ ನೋಡಬಹುದು. ಪುಷ್ಯ ಮಾಘಗಳಲ್ಲಿ ಗುಲಾಬಿ ಬಣ್ಣದ ತಬೂಬಿಯ ಅರಳುತ್ತದೆ. ಅದರ ಹಿಂದೆಯೇ ಅದರ ಹಳದಿಯ ದಾಯಾದಿ ಬರುತ್ತದೆ. ಊರ ಹೊರಗಿನ ಬಯಲಿನಲ್ಲಿ ಅದೇ ವೇಳೆಗೆ ಮುತ್ತುಗ, ಬೂರುಗ, ಹಾಲಿವಾಣ ಕೆಂಪಾಗುತ್ತವೆ. ಶಿವರಾತ್ರಿಯ ನಂತರ ಜಕರಂಡದ ನೀಲಿ; ಯುಗಾದಿಗೆ ಬೇವು, ಹೊಂಗೆ; ವೈಶಾಖದಲ್ಲಿ ಕಕ್ಕೆಯ ಚಿನ್ನದ ಜಾಲರಿ, ಗುಲ್‌ಮೊಹರಿನ ಕೆಂಪು, ಪೆಲ್ಟೊಫೋರಮ್ಮಿನ ಹಳದಿ, ಹೊಳೆದಾಸವಾಳದ ನೇರಿಳೆ ಒಂದರ ಮೇಲೊಂದು ನುಗ್ಗುತ್ತವೆ. ಮಳೆಗಾಲದ ಕೊನೆಗೆ ಆಫ್ರಿಕದ ನೀರುಕಾಯಿ ಮರ ಹೂಬಿಟ್ಟಿರುತ್ತದೆ. ಕಾರ್ತಿಕದ ನಸುಕಿನಲ್ಲಿ ಆಕಾಶಮಲ್ಲಿಗೆ ಬಿಳಿಯ ಹೂಗಳನ್ನು ರಸ್ತೆಯ ಮೇಲೆ ಸುರಿಯುತ್ತದೆ. ಇವೆಲ್ಲವನ್ನೂ ಕೃಂಬಿಗಲ್ ಒಬ್ಬರೇ ನೆಟ್ಟರೆಂದಲ್ಲ. ಅವರಿಗೆ ಮುಂಚೆ ಕ್ಯಾಮೆರಾನ್, ಅನಂತರ ಎಚ್. ಸಿ. ಜವರಾಯ, ಎಂ. ಎಚ್. ಮರಿಗೌಡ ಮೊದಲಾದವರು ದುಡಿದರು; ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು ಬೀದಿಬೀದಿಗಳಲ್ಲಿ ಲಕ್ಷಗಟ್ಟಲೆ ಸಸಿಗಳನ್ನು ನೆಡಿಸಿದರು.

ಈಗ ನಮ್ಮ ಅಂಗಳಕ್ಕೆ ಬರೋಣ. ಸಸಿಗಳ ಅಂಗಡಿಗೆ ಹೋಗಿ ನಾವು ಮಾಡುವುದೇನು? ಅಂದು ಯಾವುದು ಹೂಬಿಟ್ಟಿದೆಯೋ ಅದನ್ನು ಕೊಳ್ಳುತ್ತೇವೆ. ಮಾಘದಲ್ಲಿ ಹೋದವರು ಮಾಘದ ಗಿಡಗಳನ್ನೇ ತರುತ್ತಾರೆ. ಕುಂಡದಲ್ಲಿದ್ದ ಹೂ ಒಂದು ವಾರಕ್ಕೆ ಬಾಡುತ್ತದೆ; ಉಳಿದ ಹನ್ನೊಂದು ತಿಂಗಳು ಎಲೆ ನೋಡುತ್ತ ಕೂರಬೇಕು. "ನಮ್ಮ ಕೈಗುಣ ಸರಿಯಿಲ್ಲ" ಎಂದು ಕೊರಗುವವರನ್ನು ನಾನು ಬಹಳ ಮಂದಿ ಕಂಡಿದ್ದೇನೆ. ಕೈಗುಣದಲ್ಲಿ ದೋಷವಿಲ್ಲ, ಕಾಲದ ಲೆಕ್ಕ ಹಾಕದೆ ಹೋದದ್ದೇ ದೋಷ.

ಗಿಡಕ್ಕೆ ತನ್ನ ಕಾಲ ಹೇಗೆ ತಿಳಿಯುತ್ತದೆ? ಇದನ್ನು ಅರಿತರೆ ಅರ್ಧ ಕೆಲಸ ಆದಂತೆಯೇ. ಮುಖ್ಯವಾಗಿ ಮೂರು ಸೂಚನೆಗಳುಂಟು: ಬರ, ಮಳೆ, ಇರುಳು.

ಮೊದಲನೆಯದು ಬರ. ಮುತ್ತುಗ, ಬೂರುಗಗಳು ಬೇಸಗೆ ಹತ್ತಿರವಾದಂತೆ ಎಲೆಯುದುರಿಸಿ ನೀರನ್ನು ಉಳಿಸಿಕೊಳ್ಳುತ್ತವೆ. ಎಲೆಯಿಲ್ಲದ ಮರದಲ್ಲಿ ಹೂವು ದೂರಕ್ಕೆ ಕಾಣುತ್ತದೆ. ಹಕ್ಕಿಗೂ ಜೇನಿಗೂ ಹುಡುಕುವ ಶ್ರಮವಿಲ್ಲ. ಕಾಯಿ ಬಲಿತು ಬೀಜ ಹಾರುವ ಹೊತ್ತಿಗೆ ಮುಂಗಾರು ಬಾಗಿಲಲ್ಲಿರುತ್ತದೆ. ಕಾಗದದ ಹೂವೆಂದು ನಾವು ಕರೆಯುವ ಬೋಗನ್‌ವಿಲ್ಲ ಕೂಡ ಬರದ ಮಿತ್ರನೇ. ದಿನವೂ ನೀರೆರೆದರೆ ಅದು ಎಲೆಯನ್ನೇ ಬೆಳೆಸುತ್ತದೆ. ಸ್ವಲ್ಪ ಬಾಯಾರಿಸಿದರೆ ಮೈತುಂಬ ಬಣ್ಣ ತಳೆಯುತ್ತದೆ. ಆ ಬಣ್ಣವೂ ನಿಜವಾಗಿ ಹೂವಲ್ಲ, ಹೂವಿನ ಸುತ್ತಲಿನ ಎಲೆ. ನಡುವೆ ಇರುವ ಬಿಳಿಯ ಚಿಕ್ಕ ಕೊಳವೆಯೇ ಹೂವು.

ಎರಡನೆಯದು ಮಳೆ. ಮಳೆ ಲಿಲಿಯೆಂಬ ಗೆಡ್ಡೆಯ ಗಿಡ ಒಣಮಣ್ಣಿನಲ್ಲಿ ಮಲಗಿದ್ದು, ಒಳ್ಳೆಯ ಮಳೆಯೊಂದು ಬಿದ್ದ ಕೆಲವೇ ದಿನಗಳಲ್ಲಿ ಹೂವೆತ್ತುತ್ತದೆ. ಮೇ ತಿಂಗಳಲ್ಲಿ ಚೆಂಡಿನಂತೆ ಕೆಂಪಗೆ ಏಳುವ ಲಿಲಿಯೂ ಮೊದಲ ಮಳೆಯ ಕರೆಗೆ ಓಗೊಡುವುದೇ. ಇಂಥವಕ್ಕೆ ಬೇಸಗೆಯಲ್ಲಿ ನೀರು ಹಾಕದೆ ಮಲಗಲು ಬಿಡಬೇಕು.

ಮೂರನೆಯದು ಇರುಳಿನ ಉದ್ದ. ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ನಮಗೆ ಅದು ಗೊತ್ತೇ ಆಗುವುದಿಲ್ಲ, ಸೇವಂತಿಗೆಗೆ ಗೊತ್ತಾಗುತ್ತದೆ. ಇರುಳು ಬೆಳೆದಾಗ ಮಾತ್ರ ಅದು ಮೊಗ್ಗೊಡೆಯುತ್ತದೆ. ಒಂದು ವರ್ಷ ನಮ್ಮ ಮನೆಯ ಹಿತ್ತಿಲಿನ ಸೇವಂತಿಗೆ ಕುಂಡಗಳೆಲ್ಲ ದೀಪಾವಳಿಯ ಹೊತ್ತಿಗೆ ಮೊಗ್ಗಾಗಿದ್ದವು; ಅದೇ ದಿನ ನೆಟ್ಟ, ಅದೇ ಗೊಬ್ಬರ ಉಂಡ, ಬೀದಿಯ ಕಡೆಯ ಕುಂಡಗಳು ಬರಿಯ ಸೊಪ್ಪಾಗಿ ನಿಂತಿದ್ದವು. ನಾನು ಮಣ್ಣನ್ನು ದೂರಿದೆ. ನನ್ನ ಮನೆಯವರು ಬೀದಿದೀಪವನ್ನು ತೋರಿಸಿ, "ರಾತ್ರಿಯೆಲ್ಲ ಮುಖದ ಮೇಲೆ ಬೆಳಕು ಬಿದ್ದರೆ ಅದಕ್ಕೆ ರಾತ್ರಿಯಾದದ್ದು ತಿಳಿಯುವುದಾದರೂ ಹೇಗೆ ಅಂದ್ರೆ?" ಎಂದರು. ತಮಾಷೆಗೆ ಹೇಳಿದ್ದು, ಆದರೆ ಅದು ಶಾಸ್ತ್ರವೇ ಆಗಿತ್ತು. ಹೂವಿನ ಬೆಳೆಗಾರರು ಸೇವಂತಿಗೆಯ ಹೊಲದಲ್ಲಿ ರಾತ್ರಿ ಸಾಲಾಗಿ ವಿದ್ಯುದ್ದೀಪ ಉರಿಸಿ, ಹೂವನ್ನು ಬೇಕಾದ ಕಾಲಕ್ಕೆ ಮುಂದೂಡುವುದು ಇದೇ ತತ್ತ್ವದ ಮೇಲೆ. ಕುಂಡಗಳನ್ನು ಹಿತ್ತಿಲಿಗೆ ಸಾಗಿಸಿದೆವು. ಕೆಲವು ವಾರಗಳಲ್ಲಿ ಅವೂ ಮೊಗ್ಗಾದವು.

ಈ ಮೂರು ಸೂಚನೆಗಳನ್ನು ನೆನಪಿನಲ್ಲಿಟ್ಟುಕೊಂಡು ವರ್ಷದ ಕೆಲಸವನ್ನು ಹಂಚಿಕೊಳ್ಳಬಹುದು. ನಮ್ಮ ಹಿರಿಯರು ಮಳೆಯ ನಕ್ಷತ್ರಗಳಿಂದ ಹಂಚಿಕೊಂಡಿದ್ದರು. ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಸೂರ್ಯನ ಗತಿಯನ್ನು ಅನುಸರಿಸಿದ ಲೆಕ್ಕವಾದುದರಿಂದ ಪ್ರತಿವರ್ಷವೂ ಇಂಗ್ಲಿಷ್ ತಾರೀಖಿನ ಹೆಚ್ಚುಕಡಮೆ ಅದೇ ದಿನಕ್ಕೆ ಬರುತ್ತದೆ. ರೈತರಿಗೆ ಒದಗಿದ ಈ ಪಂಚಾಂಗ ಮನೆಯ ತೋಟಕ್ಕೂ ಒದಗುತ್ತದೆ.

ಅಶ್ವಿನಿ, ಭರಣಿ, ಕೃತ್ತಿಕೆ, ಎಂದರೆ ಏಪ್ರಿಲ್ ಮಧ್ಯದಿಂದ ಮೇ ಕೊನೆಯವರೆಗಿನ ಕಾಲ, ಮಲ್ಲಿಗೆಯ ಕಾಲ. ಮೊಗ್ಗು ಬಿಡಿಸಿದಷ್ಟೂ ಬರುತ್ತದೆ. ಈ ದಿನಗಳಲ್ಲಿ ನೀರನ್ನು ಸಂಜೆ ಎರೆಯಬೇಕು. ಸ್ವಲ್ಪ ಸ್ವಲ್ಪವಾಗಿ ದಿನವೂ ಚಿಮುಕಿಸುವುದಕ್ಕಿಂತ ಎರಡು ದಿನಕ್ಕೊಮ್ಮೆ ಬೇರಿಗೆ ಇಳಿಯುವಂತೆ ಹಾಕುವುದು ಮೇಲು. ಬುಡಕ್ಕೆ ತರಗೆಲೆಯ ಹೊದಿಕೆ ಹಾಸಿದರೆ ತೇವ ನಿಲ್ಲುತ್ತದೆ. ತರಗೆಲೆಯನ್ನು ಗುಡ್ಡೆ ಮಾಡಿ ಸುಡುವವರು ತಮ್ಮ ಗೊಬ್ಬರವನ್ನೇ ಸುಡುತ್ತಿದ್ದಾರೆಂದು ತಿಳಿಯಬೇಕು. ಅಕ್ಕಿ ತೊಳೆದ ನೀರು, ತರಕಾರಿ ತೊಳೆದ ನೀರು ಗಿಡಕ್ಕೆ ಹೋಗಲಿ. ಸೋಪಿನ ನೀರು ಬೇಡ. ಮಳೆಗಾಲಕ್ಕೆ ಮರವೋ ಬಳ್ಳಿಯೋ ನೆಡುವ ಇಚ್ಛೆಯಿದ್ದರೆ ಗುಂಡಿಯನ್ನು ಈಗಲೇ ತೋಡಬೇಕು: ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಆಳ. ಎರಡು ಮೂರು ವಾರ ಬಿಸಿಲು ಕುಡಿದ ಗುಂಡಿಗೆ ಮೇಲ್ಮಣ್ಣು, ಕೊಳೆತ ಗೊಬ್ಬರ ತುಂಬಿ ಮಳೆಗೆ ಕಾಯಬೇಕು.

ಮೃಗಶಿರ ಜೂನ್ ೮ರ ಸುಮಾರಿಗೆ ಬರುತ್ತದೆ. ಇದರಿಂದ ಆಶ್ಲೇಷದವರೆಗೆ, ಆಗಸ್ಟ್ ಮಧ್ಯದವರೆಗೆ, ನೆಡುವ ಕಾಲ. ಸೇವಂತಿಗೆಯ ಕಂದುಗಳನ್ನು ಬೇರ್ಪಡಿಸಿ ನೆಡುವುದು, ದಾಸವಾಳ, ಕಣಗಿಲೆಗಳ ಕಡ್ಡಿ ಊರುವುದು ಈಗಲೇ. ಸೇವಂತಿಗೆಯ ಕುಡಿಯನ್ನು ಶ್ರಾವಣದವರೆಗೆ ಎರಡು ಮೂರು ಸಲ ಚಿವುಟಿದರೆ ಗಿಡ ಕವಲೊಡೆದು ಗುಂಡಗಾಗುತ್ತದೆ. ಆಮೇಲೆ ಚಿವುಟಬಾರದು, ಚಿವುಟಿದರೆ ಮೊಗ್ಗೇ ಹೋಗುತ್ತದೆ. ಚೆಂಡುಹೂವಿನ ಬೀಜವನ್ನು ಹಬ್ಬದಿಂದ ಹಿಂದಕ್ಕೆ ಎಣಿಸಿ ಬಿತ್ತಬೇಕು. ಬಿತ್ತಿದ ಎರಡರಿಂದ ಎರಡೂವರೆ ತಿಂಗಳಿಗೆ ಹೂವೆಂದು ಲೆಕ್ಕ ಹಿಡಿದರೆ, ಮಹಾನವಮಿಗೆ ಹೂ ಬೇಕಾದವರು ಆಷಾಢದಲ್ಲೇ ಬೀಜ ಹಾಕಿರಬೇಕಾಗುತ್ತದೆ. ಆಯುಧಪೂಜೆಯ ಹಿಂದಿನ ದಿನ ಮಾರುಕಟ್ಟೆಯ ಬೆಲೆ ಕೇಳಿ ಬೆಚ್ಚಿದವರಿಗೆ ಈ ಲೆಕ್ಕದ ಬೆಲೆ ತಿಳಿಯುತ್ತದೆ. ಈ ತಿಂಗಳುಗಳ ಹೂವು ಜಾಜಿ. ರಾತ್ರಿಯ ಅತಿಥಿ ಬ್ರಹ್ಮಕಮಲ.

ಮಖೆಯಿಂದ ಸ್ವಾತಿಯವರೆಗೆ, ಆಗಸ್ಟ್ ಮಧ್ಯದಿಂದ ನವೆಂಬರಿನ ಮೊದಲ ವಾರದವರೆಗೆ, ಕಾಯುವ ಕಾಲ. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು ೯೭೦ ಮಿಲಿಮೀಟರು. ಅದರಲ್ಲಿ ಹೆಚ್ಚಿನ ಪಾಲು ಬರುವುದು ಜೂನ್, ಜುಲೈಗಳಲ್ಲಲ್ಲ, ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ಆದುದರಿಂದ ಈಗ ಗಿಡ ಸಾಯುವುದು ಬಾಯಾರಿಕೆಯಿಂದಲ್ಲ, ಬುಡದಲ್ಲಿ ನಿಂತ ನೀರಿನಿಂದ. ಕುಂಡದ ತೂತನ್ನು ಪರೀಕ್ಷಿಸಬೇಕು. ಕುಂಡದ ಕೆಳಗಿನ ತಟ್ಟೆಯ ನೀರನ್ನು ವಾರಕ್ಕೊಮ್ಮೆಯಾದರೂ ಚೆಲ್ಲಬೇಕು. ಇಲ್ಲದಿದ್ದರೆ ಹೂವಿಗಿಂತ ಮೊದಲು ಡೆಂಗೆಯ ಸೊಳ್ಳೆಯನ್ನು ಬೆಳೆದಂತಾಗುತ್ತದೆ. ಭಾದ್ರಪದದಲ್ಲಿ ಗೌರಿಹೂವು ಬೇಲಿಯ ಮೇಲೆ ಬೆಂಕಿಯ ನಾಲಗೆಯಂತೆ ಕಾಣಿಸಿಕೊಳ್ಳುತ್ತದೆ. ಗೋರಂಟಿ, ಪಾರಿಜಾತ ಅದರ ಜೊತೆಯವು. ಗೌರಿಹೂವಿನ ಗೆಡ್ಡೆ, ಕಣಗಿಲೆಯ ಸರ್ವಾಂಗ ವಿಷವೆಂಬುದನ್ನು ಮಕ್ಕಳಿರುವ ಮನೆಯವರು ಮರೆಯಬಾರದು.

ಕಾರ್ತಿಕದಿಂದ ಶಿವರಾತ್ರಿಯವರೆಗೆ ಸವರುವ ಕಾಲ. ಸೇವಂತಿಗೆ ಅರಳಿರುತ್ತದೆ, ಕಾಕಡ ಹೂಬಿಡುತ್ತಿರುತ್ತದೆ. ಗುಲಾಬಿಯನ್ನು ಸವರಿದ ಸುಮಾರು ನಲವತ್ತೈದು ದಿನಕ್ಕೆ ಹೂವು ಬರುತ್ತದೆ. ಜನವರಿ ೨೬ರ ಸುಮಾರಿಗೆ ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ನಡೆಯುವಾಗ ನಮ್ಮ ಮನೆಯಲ್ಲೂ ಗುಲಾಬಿ ಇರಬೇಕೆನ್ನುವವರು ಡಿಸೆಂಬರಿನ ಎರಡನೆಯ ವಾರದಲ್ಲಿ ಕತ್ತರಿ ಹಿಡಿದಿರಬೇಕು. ಮಲ್ಲಿಗೆಗೂ ಇದೇ ಕಾಲ. ನವೆಂಬರಿನ ಕೊನೆಯಿಂದ ನೀರು ತಗ್ಗಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಸವರಿ, ಎಲೆ ಉದುರಲು ಬಿಡಬೇಕು. ಹಸುರಾಗಿರುವ ಗಿಡವನ್ನು ಕತ್ತರಿಸಲು ಹೆಂಗಸರಿಗೆ ಮನಸ್ಸು ಬಾರದೆಂದು ಹೇಳುತ್ತಾರೆ. ನಮ್ಮ ಮನೆಯಲ್ಲಿ ಮನಸ್ಸು ಬಾರದವನು ನಾನು. ಕತ್ತರಿಸದೆ ಬಿಟ್ಟ ವರ್ಷ ಚೈತ್ರದಲ್ಲಿ ಬಳ್ಳಿ ಬೆಳೆಯಿತು, ಹೂವು ಬೊಗಸೆಗೂ ಸಾಲಲಿಲ್ಲ.

ಹೀಗೆ ಲೆಕ್ಕ ಹಾಕಿದರೆ ಮೂವತ್ತಕ್ಕೆ ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿ ಉಳಿದ ಮೂರಡಿ ಜಾಗದಲ್ಲಿಯೂ, ತಾರಸಿಯ ಮೇಲಿನ ಹತ್ತು ಕುಂಡಗಳಲ್ಲಿಯೂ ಹನ್ನೆರಡು ತಿಂಗಳ ಹೂವನ್ನು ಕಾಣಬಹುದು. ಬೇಸಗೆಗೆ ಮಲ್ಲಿಗೆ, ಮೊದಲ ಮಳೆಗೆ ಲಿಲಿ, ಮಳೆಗಾಲಕ್ಕೆ ಜಾಜಿ, ಶರತ್ತಿಗೆ ಪಾರಿಜಾತ ಮತ್ತು ಚೆಂಡುಹೂ, ಹೇಮಂತಕ್ಕೆ ಸೇವಂತಿಗೆ, ಶಿಶಿರಕ್ಕೆ ಕಾಕಡ, ಫಾಲ್ಗುನದ ಬರಕ್ಕೆ ಬೋಗನ್‌ವಿಲ್ಲ. ಇವುಗಳ ನಡುವೆ ತೆರಪು ಬಿದ್ದರೆ ತುಂಬಿಕೊಡಲು ವರ್ಷವಿಡೀ ಬರುವ ದಾಸವಾಳ, ಕನಕಾಂಬರ. ಇಷ್ಟೇ ಸಾಕು. ಕೃಂಬಿಗಲ್ ಅವರ ನಗರದ ಲೆಕ್ಕವೂ ಇದೇ. ಅಳತೆ ಮಾತ್ರ ಬೇರೆ.

ಅಳತೆ ಬೇರೆ ಎಂಬುದನ್ನು ನಾನು ಮರೆತು ದಂಡ ತೆತ್ತದ್ದೂ ಉಂಟು. ಮನೆ ಕಟ್ಟಿಸಿದ ವರ್ಷ, ಒಂದು ಮೇ ತಿಂಗಳಲ್ಲಿ ಕೆಂಪಾಗಿ ನಿಂತ ಗುಲ್‌ಮೊಹರನ್ನು ಕಂಡು ಮರುಳಾಗಿ, ಕಾಂಪೌಂಡಿನ ಗೋಡೆಗೆ ನಾಲ್ಕಡಿ ದೂರದಲ್ಲಿ ಅದರ ಸಸಿಯನ್ನು ನೆಟ್ಟೆ. ಅದು ಬೇಗ ಬೆಳೆಯಿತು, ಕೆಂಪಾಗಿ ಹೂವನ್ನೂ ಬಿಟ್ಟಿತು. ಆದರೆ ಗುಲ್‌ಮೊಹರಿನ ಬೇರು ನೆಲದ ಮೇಲ್ಮೈಯಲ್ಲಿಯೇ ಹಬ್ಬುವಂಥದು, ಕೊಂಬೆ ಪೆಳಸು. ಹತ್ತನೆಯ ವರ್ಷಕ್ಕೆ ಗೋಡೆ ಬಿರಿಯಿತು. ಹದಿಮೂರನೆಯ ವರ್ಷ ಭರಣಿಯ ಗಾಳಿಮಳೆಯಲ್ಲಿ ದೊಡ್ಡ ಕೊಂಬೆಯೊಂದು ಮುರಿದು ಪಕ್ಕದ ಮನೆಯ ಅಂಗಳಕ್ಕೆ ಬಿತ್ತು. ಆ ಮನೆಯ ಅಜ್ಜಿ ಐದು ನಿಮಿಷದ ಹಿಂದಷ್ಟೇ ಅಲ್ಲಿ ಕುಳಿತು ಸಂಡಿಗೆ ಕಾಯುತ್ತಿದ್ದರು. ಮರವನ್ನು ಕಡಿಸಲೇಬೇಕಾಯಿತು. ಕೊಡಲಿಯ ಸದ್ದು ಕೇಳಲಾರದೆ ನಾನು ಅಂದು ಶಾಲೆಯಲ್ಲಿಯೇ ಕತ್ತಲಾಗುವವರೆಗೆ ಕುಳಿತಿದ್ದೆ. ತಪ್ಪು ಮರದ್ದಲ್ಲ. ಒಂದು ತಿಂಗಳ ಹೂವನ್ನು ನೋಡಿ ಐವತ್ತು ವರ್ಷ ಬಾಳಬೇಕಾದ ಮರವನ್ನು ಇಕ್ಕಟ್ಟಿನಲ್ಲಿ ನಿಲ್ಲಿಸಿದ ತಪ್ಪು ನನ್ನದು. ಗುಲ್‌ಮೊಹರು, ಮಳೆಮರ, ನೀರುಕಾಯಿ ಮರ ಇವೆಲ್ಲ ವಿಶಾಲವಾದ ಬಯಲಿಗೆ, ಉದ್ಯಾನಕ್ಕೆ. ಮನೆಯ ಅಂಗಳಕ್ಕೆ ಪಾರಿಜಾತ, ಕರಿಬೇವು, ಸೀಬೆ, ದಾಳಿಂಬೆ ಇಂಥವೇ ಹಿತ. ಯಾವ ಸಸಿಯನ್ನಾದರೂ ಕೊಳ್ಳುವ ಮುನ್ನ ಅದೇ ಜಾತಿಯ ಇಪ್ಪತ್ತು ವರ್ಷದ ಮರವೊಂದನ್ನು ಹೋಗಿ ನೋಡಿಬರುವುದು ಒಳ್ಳೆಯದು.

ಇನ್ನೊಂದು ಎಚ್ಚರಿಕೆಯ ಮಾತು. ತಬೂಬಿಯ, ಜಕರಂಡ ಅಮೆರಿಕ ಖಂಡದಿಂದ, ಗುಲ್‌ಮೊಹರು ಮಡಗಾಸ್ಕರಿನಿಂದ, ನೀರುಕಾಯಿ ಮರ ಆಫ್ರಿಕದಿಂದ ಬಂದವು. ಚೆಲುವಿಗಾಗಿ ತಂದ ಗಿಡವೆಲ್ಲ ಅಂಗಳದಲ್ಲಿ ನಿಲ್ಲುವುದಿಲ್ಲ. ೧೯ನೆಯ ಶತಮಾನದ ಆರಂಭದಲ್ಲಿ ತೋಟದ ಹೂಗಿಡವಾಗಿ ಭಾರತಕ್ಕೆ ಬಂದ ಲಂಟಾನ ಇಂದು ನಮ್ಮ ಕಾಡುಗಳ ನೆಲವನ್ನು ಎಷ್ಟರಮಟ್ಟಿಗೆ ಮುಚ್ಚಿದೆಯೆಂಬುದು ಬಂಡೀಪುರದ ಕಡೆ ಹೋದವರಿಗೆಲ್ಲ ಗೊತ್ತು. ನೀರುಕಾಯಿ ಮರವನ್ನು ಕೂಡ ಲೋಕದ ಅತಿ ಉಪದ್ರವಕಾರಿ ಪರಕೀಯ ಸಸ್ಯಗಳ ಪಟ್ಟಿಯಲ್ಲಿ ವಿಜ್ಞಾನಿಗಳು ಸೇರಿಸಿದ್ದಾರೆ. ನೂರು ವರ್ಷದ ಹಿಂದೆ ಇದು ಯಾರಿಗೂ ತಿಳಿದಿರಲಿಲ್ಲ. ಹೊಸದಾಗಿ ನೆಡುವ ನಾವು ತಿಳಿದು ನೆಡಬಹುದು. ಹೊಂಗೆ, ಕಕ್ಕೆ, ಹೊಳೆದಾಸವಾಳ, ಮುತ್ತುಗಗಳಿಗಿಂತ ಚೆಲುವಾದ ಸರದಿ ಬೇರೆಲ್ಲಿದೆ?

ನಾನು ಹೇಳಿದ ತಾರೀಖುಗಳು ಬೆಂಗಳೂರು, ಮೈಸೂರಿನ ಮೈದಾನಕ್ಕೆ ಸಲ್ಲುವಂಥವು. ಮಂಗಳೂರಿನವರಿಗೆ ಆಷಾಢದ ಮಳೆಯಲ್ಲಿ ಕಂದು ನೆಟ್ಟರೆ ಅದು ತೇಲಿಹೋದೀತು. ಕಲಬುರಗಿಯ ಬಿಸಿಲು ಬೇರೆ ಲೆಕ್ಕವನ್ನೇ ಕೇಳುತ್ತದೆ. ಅಷ್ಟೇ ಅಲ್ಲ, ಮಳೆಯೂ ಮೊದಲಿನಂತೆ ನಕ್ಷತ್ರದ ಮಾತು ಕೇಳುತ್ತಿಲ್ಲ. ಮೃಗಶಿರ ಬರಿದಾಗಿ ಹೋಗುವ ವರ್ಷವುಂಟು, ಒಂದೇ ರಾತ್ರಿಯಲ್ಲಿ ತಿಂಗಳ ಮಳೆ ಸುರಿಯುವ ವರ್ಷವುಂಟು. ಹಾಗಾದರೆ ಈ ಪಂಚಾಂಗದಿಂದ ಏನು ಪ್ರಯೋಜನವೆಂದು ಕೇಳಬಹುದು. ನಕ್ಷತ್ರದ ಪಟ್ಟಿ ನಮಗೆ ಕಲಿಸಬೇಕಾದದ್ದು ದಿನಾಂಕವನ್ನಲ್ಲ, ನೋಡುವ ಅಭ್ಯಾಸವನ್ನು. ಅದನ್ನು ಮೊದಲು ಮಾಡಿದವರು ಆಕಾಶವನ್ನೂ ನೆಲವನ್ನೂ ತಲೆಮಾರುಗಟ್ಟಲೆ ನೋಡಿಯೇ ಮಾಡಿದರು. ನಾವು ಪಟ್ಟಿಯನ್ನು ಉಳಿಸಿಕೊಂಡು ನೋಡುವುದನ್ನು ಬಿಟ್ಟೆವು.

ಆದುದರಿಂದ ನನ್ನ ಸಲಹೆ ಒಂದೇ. ಈ ಭಾನುವಾರ ಒಂದು ನೋಟುಬುಕ್ಕು ತೆಗೆದುಕೊಳ್ಳಿ. ಗಿಡ ಕೊಳ್ಳುವುದಕ್ಕೆ ಅವಸರ ಬೇಡ. ಬಿಸಿಲು ನಿಮ್ಮ ಅಂಗಳದ ಯಾವ ಮೂಲೆಗೆ ಎಷ್ಟು ಗಂಟೆ ಬೀಳುತ್ತದೆ, ಅದು ಮಕರಸಂಕ್ರಾಂತಿಗೆ ಎಲ್ಲಿರುತ್ತದೆ, ಜೂನ್ ತಿಂಗಳಲ್ಲಿ ಎಲ್ಲಿರುತ್ತದೆ. ಮಳೆಯ ನೀರು ಎಲ್ಲಿ ನಿಲ್ಲುತ್ತದೆ. ನೆರೆಮನೆಯಲ್ಲಿ ಯಾವ ಹೂ ಯಾವ ವಾರ ಅರಳಿತು ಎಂದು ಬರೆಯುತ್ತ ಹೋಗಿ. ಮನೆಯಲ್ಲಿ ಮಕ್ಕಳಿದ್ದರೆ ಆ ಕೆಲಸವನ್ನು ಅವರಿಗೇ ಒಪ್ಪಿಸಿ. ಅವರ ಕಣ್ಣು ನಮ್ಮದಕ್ಕಿಂತ ಚುರುಕು. ಒಂದು ವರ್ಷ ತುಂಬುವ ಹೊತ್ತಿಗೆ ಆ ಪುಸ್ತಕದಲ್ಲಿ ಯಾವ ತಿಂಗಳು ಖಾಲಿಯಿದೆಯೆಂದು ತಿಳಿಯುತ್ತದೆ. ಆ ತಿಂಗಳಿಗೆ ಬೇಕಾದ ಒಂದು ಗಿಡವನ್ನು ತಂದು ನೆಡಿ.

ನನ್ನ ನೋಟುಬುಕ್ಕು ಈಗ ಆರನೆಯದು. ನಮ್ಮ ಗೋಡೆಯ ಬಳಿ ಗುಲ್‌ಮೊಹರು ಇದ್ದ ಜಾಗದಲ್ಲಿ ಒಂದು ಪಾರಿಜಾತವಿದೆ. ಭಾದ್ರಪದದ ಬೆಳಿಗ್ಗೆ ಅದರ ಹೂವನ್ನು ಆಯ್ದುಕೊಳ್ಳಲು ಪಕ್ಕದ ಮನೆಯ ಅಜ್ಜಿಯೇ ಮೊದಲು ಬರುತ್ತಾರೆ. ಗಂಧದ ರೆಂಬೆ ತಂದ ಹುಡುಗ ಶಾಲೆ ಬಿಟ್ಟು ಬಹಳ ದಿನವಾಯಿತು. ಕವಿಸಮಯದ ಪಾಠವನ್ನು ನಾನು ಈಗಲೂ ಹೇಳುತ್ತೇನೆ. ಹೇಳಿ ಮುಗಿಸಿದ ಮೇಲೆ ಮಕ್ಕಳನ್ನು ಹೊರಗೆ ಕರೆದುಕೊಂಡು ಹೋಗಿ, ಕಾಂಪೌಂಡಿನ ಮೂಲೆಯ ಮರದ ಕೆಳಗೆ ನಿಲ್ಲಿಸಿ, ತಲೆಯೆತ್ತಿ ನೋಡಿ ಎನ್ನುತ್ತೇನೆ.